ಕ್ಯಾನ್ಸರ್‌ಗೆ ಸಿಎಸ್‌ಆರ್ ದುಡ್ಡು: ವ್ಯಾನ್ ಕೊಡಿಸೋದಾ, ಬಸ್ ಚಾರ್ಜ್ ಕೊಡೋದಾ?

ಪೀಣ್ಯದ_ಪಾನಾ
ನಮ್ಮದು ಪೀಣ್ಯದಲ್ಲಿ ಬಿಡಿಭಾಗ ಮಾಡುವ ಕಂಪನಿ. ಈ ಸಲದ ಸಿಎಸ್‌ಆರ್ ದುಡ್ಡು, ಅಂದರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಖರ್ಚು ಮಾಡುವ ದುಡ್ಡು, ಕ್ಯಾನ್ಸರ್‌ಗೆ ಹೋಗಲಿ ಅಂತ ಎಂ.ಡಿ. ಹೇಳಿದ್ದಾರೆ. ಸಮಿತಿಯಲ್ಲಿ ನನ್ನನ್ನೂ ಹಾಕಿದ್ದಾರೆ, ಯಾಕೋ ಗೊತ್ತಿಲ್ಲ, ನಾನು ಪರ್ಚೇಸ್‌ನವನು.

ಎರಡು ಪ್ರಸ್ತಾಪ ಬಂದಿವೆ. ಒಂದು, ಮ್ಯಾಮೋಗ್ರಫಿ ವ್ಯಾನ್, ಅಂದರೆ ಸ್ತನದ ಎಕ್ಸ್‌ರೇ ತೆಗೆಯುವ ಗಾಡಿ. ಹಳ್ಳಿ ಹಳ್ಳಿಗೆ ಹೋಗಿ ತಪಾಸಣೆ ಮಾಡುತ್ತೆ, ಎರಡೂ ಪಕ್ಕ ನಮ್ಮ ಲೋಗೋ, ಹಸಿರು ಬಾವುಟ ತೋರಿಸೋದಕ್ಕೆ ಶಾಸಕರು ಬರ್ತಾರಂತೆ. ಇನ್ನೊಂದು ಒಂದು ಸಣ್ಣ ಟ್ರಸ್ಟ್‌ನವರದು. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಚಿಕಿತ್ಸೆಗೆ ಬರುವ ಬಡವರಿಗೆ ಓಡಾಟದ ಖರ್ಚು, ಉಳಿಯೋಕೆ ಜಾಗ, ಎರಡು ಹೊತ್ತು ಊಟ. ಜೊತೆಗೆ ಫೋನ್ ಮಾಡಿ ವಿಚಾರಿಸುತ್ತಾ ಇರೋದಕ್ಕೆ ಇಬ್ಬರು ಹುಡುಗಿಯರ ಸಂಬಳ. ಇದರಲ್ಲಿ ಫೋಟೋ ತೆಗೆಯುವಂಥದ್ದು ಏನೂ ಇಲ್ಲ.

ಬಡವರಿಗೂ ಉಳ್ಳವರಿಗೂ ಕ್ಯಾನ್ಸರ್‌ನಲ್ಲಿ ಬದುಕುಳಿಯುವ ಅಂತರ ಕಡಿಮೆ ಮಾಡ್ತೀವಿ ಅಂತ ನಮ್ಮ ಪಿಪಿಟಿಯ ಮೊದಲ ಪುಟದಲ್ಲೇ ಬರೆದುಕೊಂಡಿದ್ದೇವೆ. ಈ ಎರಡರಲ್ಲಿ ಯಾವುದರಿಂದ ಅದು ನಿಜವಾಗಿ ಆಗುತ್ತೆ? ಆಸ್ಪತ್ರೆ ಕೆಲಸ ಗೊತ್ತಿರುವವರು ಹೇಳಿ.

ಬಾಲ್ಕನಿ_ಕಾಫಿ
ವ್ಯಾನ್. ಬೇಗ ಗೊತ್ತಾದರೆ ಬೇಗ ವಾಸಿ. ಇದರಲ್ಲಿ ಚರ್ಚೆ ಮಾಡೋದು ಏನಿದೆ?

ವಾರ್ಡ್_ನಂಬರ್_ಆರು
ಇದೆ ಸಾರ್. ನಾನು ಕ್ಯಾನ್ಸರ್ ವಾರ್ಡ್‌ನಲ್ಲಿ ನರ್ಸ್. ಆಸ್ಪತ್ರೆ ಹೆಸರು ಬೇಡ.

ಸಿಂಧನೂರು ಕಡೆಯ ಒಬ್ಬ ಅಮ್ಮ ಬಂದಿದ್ದರು. ಎದೆಯಲ್ಲಿ ಗಂಟು. ಕ್ಯಾಂಪ್‌ನಲ್ಲಿ ಕೊಟ್ಟ ಚೀಟಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್ ಒಳಗೆ ಮಡಚಿ ಇಟ್ಟುಕೊಂಡಿದ್ದರು. ‘ಕೂಡಲೇ ದೊಡ್ಡಾಸ್ಪತ್ರೆಗೆ ಹೋಗಿ’ ಅಂತ ಅದರಲ್ಲಿ ಬರೆದಿತ್ತು. ಯಾವ ದೊಡ್ಡಾಸ್ಪತ್ರೆ, ಯಾವ ವಾರ, ಯಾರನ್ನ ಕೇಳಬೇಕು, ಒಂದೂ ಇಲ್ಲ. ಹತ್ತಿ ಬಿಡಿಸುವ ಕೆಲಸ ಮುಗಿಸಿಕೊಂಡು ಬಂದರು. ಅಷ್ಟರಲ್ಲಿ ಗಂಟು ಒಡೆದು ಗಾಯ ಆಗಿತ್ತು. ಅಂದರೆ ಬೇಗನೇ ಗೊತ್ತಾಗಿತ್ತು. ಏನು ಪ್ರಯೋಜನ ಆಯ್ತು?

ಮುಂದೇನು ಅಂತಲೂ ಕೇಳಿ. ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಮಾಡುವ ಪರೀಕ್ಷೆ, ಅದರ ರಿಪೋರ್ಟ್ ಬರೋಕೆ ಒಂದಷ್ಟು ದಿನ. ಕೀಮೋ ಮೂರು ವಾರಕ್ಕೊಮ್ಮೆ. ಕರೆಂಟ್ ಕೊಡೋದು (ರೇಡಿಯೇಷನ್) ಶುರುವಾದರೆ ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬರಬೇಕು, ಎಷ್ಟೋ ಜನಕ್ಕೆ ಐದಾರು ವಾರ. ಮೆಷಿನ್ ಮೇಲೆ ಮಲಗೋದು ಹತ್ತು ಹದಿನೈದು ನಿಮಿಷ ಅಷ್ಟೇ. ಉಳಿದ ಹೊತ್ತು ಎಲ್ಲಿರಬೇಕು? ಗಂಡ ಎರಡನೇ ವಾರಕ್ಕೆ ಕೂಲಿಗೆ ಅಂತ ಊರಿಗೆ ಹೋಗ್ತಾನೆ. ನಾಲ್ಕನೇ ವಾರಕ್ಕೆ ಇವರೂ ಹೋಗ್ತಾರೆ. ಕರೆಂಟ್ ಅರ್ಧಕ್ಕೆ ನಿಲ್ಲಿಸಿದರೆ ಕಾಯಿಲೆ ಮತ್ತೆ ಬರೋ ಸಾಧ್ಯತೆ ಜಾಸ್ತಿ.

ಬಾಲ್ಕನಿ_ಕಾಫಿ
ಸರಿ, ಆದರೆ ಅದು ಕ್ಯಾಂಪ್ ಮಾಡಿದವರ ತಪ್ಪು. ವ್ಯಾನ್ ತಪ್ಪಲ್ಲ.

ಲೆಕ್ಕದ_ಪುಸ್ತಕ
ನಾನು ಸಿಎ. ಕಾನೂನಿನ ವಿಷಯ ಹೇಳಿಬಿಡ್ತೀನಿ, ಏಕೆಂದರೆ ಸಮಿತಿಯಲ್ಲಿ ಯಾರಾದರೂ ಒಬ್ಬರು ‘ಸಂಬಳ ಕೊಡೋ ಹಾಗಿಲ್ಲ, 5 ಪರ್ಸೆಂಟ್ ಮಿತಿ ಇದೆ’ ಅಂತ ಅಂದೇ ಅಂತಾರೆ. ಆ ಮಿತಿ ಇರೋದು ಕಂಪನಿ ತನ್ನ ಸಿಎಸ್‌ಆರ್ ಕಚೇರಿ ನಡೆಸೋಕೆ ಮಾಡುವ ಆಡಳಿತ ಖರ್ಚಿಗೆ. ಯೋಜನೆಯ ಕೆಲಸವನ್ನೇ ಮಾಡುವವರ ಸಂಬಳ ಯೋಜನೆಯ ಖರ್ಚು. ಆ ಇಬ್ಬರು ಹುಡುಗಿಯರ ಸಂಬಳಕ್ಕೆ ಏನೂ ತೊಂದರೆ ಇಲ್ಲ.

ಎರಡನೇದು, ಟ್ರಸ್ಟ್‌ಗೆ ಸಿಎಸ್‌ಆರ್-1 ನೋಂದಣಿ ಇದೆಯಾ ನೋಡಿ, ಸಿಎಸ್‌ಆರ್ ದುಡ್ಡು ತಗೊಳ್ಳುವ ಸಂಸ್ಥೆಗಳು ಸರ್ಕಾರದಲ್ಲಿ ಮಾಡಿಸುವ ನೋಂದಣಿ ಅದು. 2021ರ ಏಪ್ರಿಲ್‌ನಿಂದ ಅದು ಕಡ್ಡಾಯ. ಮೂರು ವರ್ಷ ಕೆಲಸ ಮಾಡಿದ ಅನುಭವವೂ ಬೇಕು.

ಮೂರನೇದು ಮುಖ್ಯ. ಇದನ್ನ ‘ಮುಂದುವರಿಯುವ ಯೋಜನೆ’ ಅಂತ ಬೋರ್ಡ್‌ನಲ್ಲಿ ಪಾಸ್ ಮಾಡಿಸಿ. ಆಗ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು. ಖರ್ಚಾಗದೆ ಉಳಿದ ದುಡ್ಡು ಬೇರೆ ಖಾತೆಯಲ್ಲಿ ಇರುತ್ತೆ. ಇಲ್ಲದಿದ್ದರೆ ಮಾರ್ಚ್ ಬಂದ ಕೂಡಲೇ ಖರ್ಚು ಮಾಡಿ ಖರ್ಚು ಮಾಡಿ ಅಂತ ಶುರುವಾಗುತ್ತೆ. ಅರ್ಧ ವ್ಯಾನ್‌ಗಳು ಹುಟ್ಟೋದೇ ಮಾರ್ಚ್‌ನಲ್ಲಿ.

ಸುಮ್ನೆ_ಓದುವವನು
ಎಲ್ಲಾ ಟ್ಯಾಕ್ಸ್ ಉಳಿಸೋ ನಾಟಕ ಅಷ್ಟೇ.

ಲೆಕ್ಕದ_ಪುಸ್ತಕ
ಅಲ್ಲ ಸ್ವಾಮಿ. ಸಿಎಸ್‌ಆರ್ ಖರ್ಚನ್ನು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಕಳೆಯೋ ಹಾಗೇ ಇಲ್ಲ. 2014ರಲ್ಲೇ ಅದಕ್ಕೆ ಬಾಗಿಲು ಹಾಕಿದ್ದಾರೆ. ಕಂಪನಿಗೆ ಸಿಗೋದು ಹೆಸರು. ಅದನ್ನ ಬೇಕಾದರೆ ಬೈಯಿರಿ.

ರಾಯಚೂರು_ಬಿಸಿಲು
ನನ್ನ ಪ್ರಶ್ನೆ ಬೇರೆ. ನಾವು ಬೆಂಗಳೂರಿಗೆ ಯಾಕೆ ಬರಬೇಕು? ನಮ್ಮ ಕಡೆ ಜನ ಸೊಲ್ಲಾಪುರಕ್ಕೆ ಹೋಗ್ತಾರೆ, ಬಾರ್ಶಿಗೆ ಹೋಗ್ತಾರೆ, ಹುಬ್ಬಳ್ಳಿಗೆ ಹೋಗ್ತಾರೆ, ಹೈದರಾಬಾದ್‌ಗೆ ಹೋಗ್ತಾರೆ. ಕಲಬುರಗಿಯಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯವರದೇ ಕೇಂದ್ರ ಇದೆ. ಅದು ಇರೋದೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ನಿಮ್ಮ ಕಂಪನಿಯ ದುಡ್ಡು ನಮ್ಮನ್ನ ಹೊಸೂರು ರಸ್ತೆಗೆ ಕರೆತರೋದಕ್ಕೆ ಯಾಕೆ, ಡಾಕ್ಟರನ್ನ ನಮ್ಮ ಊರಿಗೆ ಕಳಿಸೋದಕ್ಕೆ ಯಾಕಲ್ಲ?

ಅಸ್ಸಾಂನಲ್ಲಿ ಅದನ್ನೇ ಮಾಡಿದ್ದಾರೆ. ಟಾಟಾ ಟ್ರಸ್ಟ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಅಸ್ಸಾಂ ಕ್ಯಾನ್ಸರ್ ಕೇರ್ ಫೌಂಡೇಶನ್ ಅಂತ ಮಾಡಿಕೊಂಡವು. 2022ರ ಏಪ್ರಿಲ್ 28ರಂದು ಒಂದೇ ದಿನ ಏಳು ಆಸ್ಪತ್ರೆ ಉದ್ಘಾಟನೆ ಆಯ್ತು. ದಿಬ್ರುಗಢ, ಕೊಕ್ರಾಝಾರ್, ಬರ್ಪೇಟಾ, ದರಂಗ್, ತೇಜ್‌ಪುರ, ಲಖೀಂಪುರ, ಜೋರ್ಹಾಟ್. ಪಟ್ಟಿ ನೋಡಿ, ಎಲ್ಲಾ ಜಿಲ್ಲಾ ಊರುಗಳು. ಕೀಮೋದಂಥದ್ದು ಹತ್ತಿರದಲ್ಲೇ, ಕಷ್ಟದ ಕೇಸ್‌ ಮಾತ್ರ ದೊಡ್ಡ ಕೇಂದ್ರಕ್ಕೆ. ಮೊದಲು ಅಲ್ಲಿನವರೂ ಗುವಾಹಟಿ, ಮುಂಬೈ ಅಂತ ಅಲೆಯುತ್ತಿದ್ದರು.

ಪೀಣ್ಯದ_ಪಾನಾ
ಅಣ್ಣಾ, ನಮ್ಮದು ಟಾಟಾ ಅಲ್ಲ. ನಮ್ಮ ಇಡೀ ಬಜೆಟ್‌ನಲ್ಲಿ ಆ ಆಸ್ಪತ್ರೆಯ ಲಿಫ್ಟ್ ಬರಬಹುದು.

ಬರಾಕ್_ಕಣಿವೆ
ಅಸ್ಸಾಂ ಅಂದಿದ್ದಕ್ಕೆ ಬಂದೆ. ನಾನು ದಾವಣಗೆರೆಯವನು, ಕೆಲಸದ ಮೇಲೆ ಸಿಲ್ಚರ್‌ನಲ್ಲಿದ್ದೆ. ಅಲ್ಲಿ ಕಚಾರ್ ಕ್ಯಾನ್ಸರ್ ಆಸ್ಪತ್ರೆ ಅಂತ ಇದೆ, ಜನರೇ ಸೇರಿ ಕಟ್ಟಿದ ಸಂಸ್ಥೆ. ಡಾ. ರವಿ ಕಣ್ಣನ್ ಚೆನ್ನೈ ಬಿಟ್ಟು 2007ರಲ್ಲಿ ಅಲ್ಲಿಗೆ ಹೋದರು. 2023ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತಲ್ಲ, ಅವರೇ.

ಅವರು ಹೋದಾಗ ಚಿಕಿತ್ಸೆ ಪೂರ್ತಿ ಮಾಡಿಸಿಕೊಳ್ಳುತ್ತಿದ್ದವರು 28 ಪರ್ಸೆಂಟ್ ಇದ್ದರಂತೆ. ಆಮೇಲೆ ಅದು 70ಕ್ಕೆ ಏರಿತು. ಇದು ದೊಡ್ಡ ಮೆಷಿನ್ ತರಿಸಿ ಆಗಿದ್ದಲ್ಲ. ಚಿಕಿತ್ಸೆ ಉಚಿತ ಅಥವಾ ತೀರಾ ಕಡಿಮೆ ದರ. ಉಳಿಯೋಕೆ ಜಾಗ, ಊಟ. ರೋಗಿ ಜೊತೆ ಬಂದವರಿಗೆ ಅಲ್ಲೇ ಏನಾದರೂ ಕೂಲಿ ಕೆಲಸ. ಬರದೆ ನಿಂತವರ ಮನೆಗೇ ಹೋಗಿ ನೋಡಿಕೊಂಡು ಬರೋದು.

ಜೊತೆಗಾರರಿಗೆ ಕೆಲಸ ಕೊಡೋದು ಅನ್ನೋದು ಯಾವ ಪಿಪಿಟಿಯಲ್ಲೂ ಹೊಳೆಯೋದಿಲ್ಲ ನೋಡಿ. ಟೀ ತೋಟದ ಕೂಲಿಯವರ ಮಧ್ಯೆ ಕೂತವರಿಗೆ ಮಾತ್ರ ಹೊಳೆಯುತ್ತೆ.

ವಾರ್ಡ್_ನಂಬರ್_ಆರು
ಅಯ್ಯೋ, ಇದೇ! ನಮ್ಮಲ್ಲಿ ಜೊತೆಗಾರ ಗಂಡಸರು ಬೆಳಿಗ್ಗೆಯಿಂದ ಸಂಜೆವರೆಗೆ ಗೇಟ್ ಹತ್ತಿರ ಕೂತಿರ್ತಾರೆ. ಕೆಲವರು ಗಾರೆ ಕೆಲಸ ಹುಡುಕಿಕೊಂಡು ಹೋಗ್ತಾರೆ. ರೋಗಿ ಒಬ್ಬರೇ ಪಾಳಿ ಕಾಯ್ತಾರೆ.

ಅಂಕಿ_ಸಂಕಿ
ಅಂತರ ಅಂತರ ಅಂತ ಬಾಯಲ್ಲಿ ಹೇಳ್ತಿದ್ದೀವಿ, ಎಷ್ಟಿದೆ ಅಂತ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಕ್ಯಾನ್ಸರ್ ನೋಂದಣಿ ಕೇಂದ್ರಗಳ ಲೆಕ್ಕದ ಪ್ರಕಾರ ಸ್ತನ ಕ್ಯಾನ್ಸರ್ ಆದವರಲ್ಲಿ ಐದು ವರ್ಷ ಬದುಕುವವರು ಒಟ್ಟಾರೆ 66.4 ಪರ್ಸೆಂಟ್. ಮಿಜೋರಾಂನಲ್ಲಿ 74.9. ಅರುಣಾಚಲದ ಪಾಸಿಘಾಟ್‌ನಲ್ಲಿ 41.9. ಎರಡೂ ಈಶಾನ್ಯವೇ, ಎರಡೂ ಗುಡ್ಡಗಾಡೇ. ಕಾಯಿಲೆ ಒಂದೇ, ದೇಶ ಒಂದೇ. ಅಮೆರಿಕದಲ್ಲಿ ಇದು 90ರ ಆಸುಪಾಸು.

ತಪಾಸಣೆಯೂ ಇಲ್ಲವೇ ಇಲ್ಲ ಅನ್ನೋದೂ ನಿಜ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು 1.9 ಪರ್ಸೆಂಟ್. ಸ್ತನ ಪರೀಕ್ಷೆ 0.9. ಹಾಗಾಗಿ ಬಾಲ್ಕನಿ ಕಾಫಿಯವರನ್ನ ಪೂರ್ತಿ ತಳ್ಳಿಹಾಕೋ ಹಾಗಿಲ್ಲ.

ಬಾಲ್ಕನಿ_ಕಾಫಿ
ಧನ್ಯವಾದ. ಇಲ್ಲಿ ಒಬ್ಬರಾದರೂ ಇದ್ದಾರೆ.

ವಾರ್ಡ್_ನಂಬರ್_ಆರು
ತಪಾಸಣೆ ಬೇಕು. ಮ್ಯಾಮೋಗ್ರಫಿ ವ್ಯಾನೇ ಬೇಕಾ ಅನ್ನೋದು ನನ್ನ ಪ್ರಶ್ನೆ. ಮುಂಬೈನಲ್ಲಿ ಟಾಟಾ ಮೆಮೋರಿಯಲ್‌ನವರು ಇಪ್ಪತ್ತು ವರ್ಷ ಒಂದೂವರೆ ಲಕ್ಷ ಹೆಂಗಸರ ಮೇಲೆ ಅಧ್ಯಯನ ಮಾಡಿದರು, ಫಲಿತಾಂಶ 2021ರಲ್ಲಿ ಬಂತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ನೋಡೋದು, ಅಷ್ಟೇ. ಐವತ್ತು ದಾಟಿದವರಲ್ಲಿ ಸಾವು ಸುಮಾರು 30 ಪರ್ಸೆಂಟ್ ಕಡಿಮೆ ಆಯ್ತು. ಐವತ್ತರ ಒಳಗಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು.

ಮೆಷಿನ್ ಇಲ್ಲ, ಫಿಲ್ಮ್ ಇಲ್ಲ, ಜನರೇಟರ್ ಇಲ್ಲ. ವ್ಯಾನ್ ಒಳಗೆ ತೆಗೆದ ಚಿತ್ರ ಓದೋಕೆ ರೇಡಿಯಾಲಜಿಸ್ಟ್ ಬೇಕಲ್ಲ, ಅವರು ಎಲ್ಲಿದ್ದಾರೆ? ಬೆಂಗಳೂರಲ್ಲೇ.

ರಾಯಚೂರು_ಬಿಸಿಲು
ಬಾರ್ಶಿಯ ಅಧ್ಯಯನವನ್ನೂ ಸೇರಿಸಿ. ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ್) ಜಿಲ್ಲೆಯ 497 ಹಳ್ಳಿ, ನಮ್ಮ ಬೀದರ್, ಕಲಬುರಗಿಗೆ ಹತ್ತಿರದ್ದೇ. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ, ಅಂದರೆ ಈ ಕ್ಯಾನ್ಸರ್ ತರುವ ವೈರಸ್ ಇದೆಯಾ ಅನ್ನೋ ಪರೀಕ್ಷೆ ಮಾಡಿ, ತೊಂದರೆ ಕಂಡವರಿಗೆ ಚಿಕಿತ್ಸೆ ಕೊಟ್ಟಿದ್ದಕ್ಕೆ ಗರ್ಭಕಂಠದ ಕ್ಯಾನ್ಸರ್ ಸಾವು ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯಿತು. 2009ರಲ್ಲಿ ಪ್ರಕಟ ಆಯ್ತು. ದುಡ್ಡು ಕೊಟ್ಟಿದ್ದು ಗೇಟ್ಸ್ ಫೌಂಡೇಶನ್. ಅದಾಗಿ ಎಷ್ಟು ವರ್ಷ ಆಯ್ತು? ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಕೇಳಿದರೆ ಮುಖ ನೋಡ್ತಾರೆ.

ಟ್ರೆಂಟ್_ನದಿ
ನಾಟಿಂಗ್‌ಹ್ಯಾಮ್‌ನಿಂದ. ಇಲ್ಲಿ ಚಿಕಿತ್ಸೆ ಎಲ್ಲಾ ಉಚಿತ, ಅಂತರ ಹಾಗೇ ಇದೆ. ಬಡತನಕ್ಕೆ ತಳುಕು ಹಾಕಿಕೊಂಡ ಹೆಚ್ಚುವರಿ ಕ್ಯಾನ್ಸರ್ ಕೇಸ್‌ಗಳೇ ಬ್ರಿಟನ್‌ನಲ್ಲಿ ವರ್ಷಕ್ಕೆ 33,000ಕ್ಕೂ ಜಾಸ್ತಿ ಅಂತ ಕ್ಯಾನ್ಸರ್ ರಿಸರ್ಚ್ ಯುಕೆ 2022ರಲ್ಲಿ ಲೆಕ್ಕ ಹಾಕಿತ್ತು.

ಆದರೆ ವ್ಯಾನ್ ಬಗ್ಗೆ ಒಂದು ಒಳ್ಳೆ ಮಾತು. ಮ್ಯಾಂಚೆಸ್ಟರ್‌ನಲ್ಲಿ ಬಡವರ ಏರಿಯಾದ ಅಂಗಡಿ ಪಾರ್ಕಿಂಗ್‌ಗಳಿಗೇ ಸಿಟಿ ಸ್ಕ್ಯಾನ್ ಲಾರಿ ತಂದು ನಿಲ್ಲಿಸಿದರು. ಮ್ಯಾಕ್‌ಮಿಲನ್ ಅನ್ನುವ ದತ್ತಿ ಸಂಸ್ಥೆಯ ದುಡ್ಡಿನಲ್ಲಿ ಶುರುವಾಗಿದ್ದು. ಸಿಗರೇಟ್ ಸೇದಿದವರನ್ನ ಕರೆದು ಅಲ್ಲೇ ಶ್ವಾಸಕೋಶ ನೋಡಿದರು. ಬೇಗ ಸಿಕ್ಕಿದ ಕೇಸ್ ಎಷ್ಟೊಂದು ಇದ್ದವು ಅಂದರೆ, ಆಮೇಲೆ ಅದೇ ರೀತಿ ಇಂಗ್ಲೆಂಡ್‌ನ ಬೇರೆ ಊರಿಗೂ ಹೋಯಿತು. ಲಾರಿಯಲ್ಲಿ ಅನುಮಾನ ಬಂದವರು ನೇರ ಆಸ್ಪತ್ರೆಗೆ, ಹಿಂದೆ ಇಡೀ ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ನಿಂತಿತ್ತು. ಲಾರಿ ಒಂದೇ ಓಡಾಡಿದ್ದರೆ ಏನೂ ಆಗ್ತಿರಲಿಲ್ಲ.

ಇನ್ನೊಂದು, ಬೂಟ್ಸ್ ಅನ್ನೋ ಔಷಧಿ ಅಂಗಡಿ ಕಂಪನಿ, ನಮ್ಮ ನಾಟಿಂಗ್‌ಹ್ಯಾಮ್‌ನದ್ದೇ, ಅದೇ ಮ್ಯಾಕ್‌ಮಿಲನ್ ಜೊತೆ 2009ರಿಂದ ಸೇರಿಕೊಂಡಿದೆ. ಅಂಗಡಿಯ ಫಾರ್ಮಸಿಸ್ಟ್‌ಗಳಿಗೇ ಕ್ಯಾನ್ಸರ್ ವಿಷಯದಲ್ಲಿ ತರಬೇತಿ. ಕಂಪನಿಗೆ ಯಾವ ಕೆಲಸ ಬರುತ್ತೋ ಅದನ್ನೇ ಕೊಟ್ಟಿದೆ.

ಮಾತ್ರೆ_ಡಬ್ಬಿ
ಔಷಧಿ ಕಂಪನಿ ಅಂದ ಮೇಲೆ ಗ್ಲಿವೆಕ್ ಕಥೆ ಹೇಳಲೇಬೇಕು. ರಕ್ತ ಕ್ಯಾನ್ಸರ್‌ನ ಒಂದು ಬಗೆಗೆ ಬಂದ ಮಾತ್ರೆ. ಇಲ್ಲಿ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ನೋವಾರ್ಟಿಸ್ ಕಂಪನಿಯೂ ಮ್ಯಾಕ್ಸ್ ಫೌಂಡೇಶನ್ ಅನ್ನೋ ದತ್ತಿ ಸಂಸ್ಥೆಯೂ ಸೇರಿ ಬಡ ರೋಗಿಗಳಿಗೆ ಪುಕ್ಕಟೆ ಕೊಟ್ಟವು. ಸಾವಿರಾರು ಭಾರತೀಯರು ಅದರಿಂದ ಬದುಕಿದ್ದಾರೆ, ಅದು ಸುಳ್ಳಲ್ಲ. ಆದರೆ ಅದೇ ಹೊತ್ತಿಗೆ ಕಂಪನಿ ಇಲ್ಲಿ ಪೇಟೆಂಟ್‌ಗಾಗಿ ಕೋರ್ಟಿನಲ್ಲಿತ್ತು. ಪೇಟೆಂಟ್ ಸಿಕ್ಕಿದ್ದರೆ ತಿಂಗಳಿಗೆ ಎಂಟು ಹತ್ತು ಸಾವಿರಕ್ಕೆ ಸಿಗುತ್ತಿದ್ದ ನಮ್ಮ ದೇಶದ ಮಾತ್ರೆ ನಿಲ್ಲುವ ಅಪಾಯ ಇತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಆಗಲ್ಲ ಅಂದಿತು.

ಪುಕ್ಕಟೆ ಕೊಡುವ ಕಂಪನಿ ಯಾವಾಗ ಬೇಕಾದರೂ ನಿಲ್ಲಿಸಬಹುದು. ಬೆಲೆ ಇಳಿದರೆ ಎಲ್ಲರಿಗೂ ಇಳಿಯುತ್ತೆ. ಅದಕ್ಕೇ ನನಗೆ ಈ ದಾನದ ಮೇಲೆ ಅರ್ಧ ನಂಬಿಕೆ ಮಾತ್ರ.

ಬರಾಕ್_ಕಣಿವೆ
ನಂಬಿಕೆ ಅರ್ಧ ಇರಲಿ ಸಾರ್, ಆ ಮಾತ್ರೆ ತಿಂದು ಇವತ್ತಿಗೂ ಸ್ಕೂಟರ್ ಓಡಿಸ್ಕೊಂಡು ಹೋಗ್ತಿರೋ ಚಿಕ್ಕಪ್ಪ ನಮ್ಮನೇಲಿ ಇದ್ದಾರೆ. ಅವರ ಮುಂದೆ ಪೇಟೆಂಟ್ ಕಥೆ ಹೇಳಿ ನೋಡಿ.

ಮಾತ್ರೆ_ಡಬ್ಬಿ
ಅವರು ನೂರು ವರ್ಷ ಬಾಳಲಿ. ನಾನು ಹೇಳಿದ್ದು ಎರಡೂ ನಿಜ ಅಂತ.

ಸುಮ್ನೆ_ಓದುವವನು
ಮೊದಲು ಗುಟ್ಕಾ ನಿಲ್ಲಿಸಿ. ವ್ಯಾನೂ ಬೇಡ, ಧರ್ಮಶಾಲೆಯೂ ಬೇಡ.

ವಾರ್ಡ್_ನಂಬರ್_ಆರು
ನಿಲ್ಲಿಸಿದ್ದಾರಲ್ಲ, 2013ರಲ್ಲೇ! ಈಗ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಳ್ತಾರೆ. ತಂಬಾಕೂ ಅಡಿಕೆಯೂ ಸೇರಿದ ಮೇಲೆ ಕೇಳಬೇಕಾ? ಬಾಯಿ ಎರಡು ಬೆರಳೂ ಹೋಗದಷ್ಟು ಬಿಗಿದುಕೊಂಡ ಹುಡುಗರು ಬರ್ತಾರೆ. ಖಾರ ತಿನ್ನೋಕಾಗಲ್ಲ ಅಂತ ಶುರುವಾಗಿರುತ್ತೆ.

ಚನ್ನಗಿರಿ_ಚಾಲಿ
ಮೇಡಂ, ಅಡಿಕೆ ಹೆಸರು ಎಳೆಯಬೇಡಿ. ನಮ್ಮಜ್ಜಿ ತೊಂಬತ್ತರವರೆಗೆ ಎಲೆ ಅಡಿಕೆ ಹಾಕಿದ್ದಾರೆ. ತಪ್ಪು ತಂಬಾಕಿನದ್ದು, ಬೈಗುಳ ನಮ್ಮ ತೋಟಕ್ಕೆ.

ಅಂಕಿ_ಸಂಕಿ
ಅಜ್ಜಿಗೆ ನಮಸ್ಕಾರ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುತ್ತೆ ಅಂತ ಖಚಿತವಾದವುಗಳ ಗುಂಪಿಗೆ ಹಾಕಿದೆ. ತಂಬಾಕು ಸೇರಿಸದೇ ಇದ್ದರೂ. 2024ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಲೆಕ್ಕ ಬಂತು. ಜಗತ್ತಿನ ಬಾಯಿ ಕ್ಯಾನ್ಸರ್‌ನಲ್ಲಿ ಮೂರರಲ್ಲಿ ಒಂದು ಪಾಲು ಜಗಿಯುವ ತಂಬಾಕು ಮತ್ತು ಅಡಿಕೆಯಿಂದ.

ಚನ್ನಗಿರಿ_ಚಾಲಿ
ಜಿನೀವಾದಲ್ಲೋ ಎಲ್ಲೋ ಕೂತು ಬರೆಯುವವರಿಗೆ ಕೊಳೆರೋಗ ಗೊತ್ತಾ, ಬೆಲೆ ಬಿದ್ದರೆ ಏನಾಗುತ್ತೆ ಗೊತ್ತಾ? ನಮಗೆ ಬದಲಿ ಬೆಳೆ ಹೇಳಿ, ಆಮೇಲೆ ಮಾತಾಡೋಣ.

ಅಂಕಿ_ಸಂಕಿ
ಆ ಸಂಸ್ಥೆ ಇರೋದು ಫ್ರಾನ್ಸ್‌ನಲ್ಲಿ. ಬದಲಿ ಬೆಳೆಯ ಮಾತು ನ್ಯಾಯವಾದದ್ದೇ, ಒಪ್ತೀನಿ.

ನಿರ್ವಾಹಕರು
ಅಡಿಕೆ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಮುಂದುವರಿಸಿದರೆ ಅಳಿಸಲಾಗುತ್ತೆ.

ಚನ್ನಗಿರಿ_ಚಾಲಿ
ಅಳಿಸಿ. ಅಜ್ಜಿಯ ಮಾತು ಮಾತ್ರ ಬಿಡಿ.

ಕೆಂಪುತೋಟ
ವಿಷಯಕ್ಕೆ ಬರೋಣ. ಕಿದ್ವಾಯಿಯನ್ನೇ ನೋಡಿ. ಇನ್ಫೋಸಿಸ್ ಫೌಂಡೇಶನ್ ಅಲ್ಲಿ ಧರ್ಮಶಾಲೆ ಕಟ್ಟಿಸಿತು, ಹೊರರೋಗಿಗಳ ದೊಡ್ಡ ಕಟ್ಟಡವನ್ನೂ ಕಟ್ಟಿಸಿತು. ಕಟ್ಟಡವನ್ನ ಎಲ್ಲರೂ ಹೊಗಳ್ತಾರೆ. ರೋಗಿಗಳ ಕಡೆಯವರನ್ನ ಕೇಳಿದರೆ ಮೊದಲು ಧರ್ಮಶಾಲೆ ಅಂತಾರೆ. ನಮ್ಮ ದೊಡ್ಡಮ್ಮನಿಗೆ ಬೇರೆ ಕಡೆ ಚಿಕಿತ್ಸೆ ನಡೆಯುವಾಗ ಆಸ್ಪತ್ರೆ ಹತ್ತಿರ ರೂಮಿಗೆ ಕೊಟ್ಟ ಬಾಡಿಗೆ ಔಷಧಿಗಿಂತ ಜಾಸ್ತಿ ಆಯಿತು. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್‌ನಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆಪರೇಷನ್‌ಗೆ ಕಾರ್ಡ್ ನಡೆಯಿತು. ರೂಮಿಗೆ, ಗಂಜಿಗೆ, ಆಟೋಗೆ ಯಾವ ಕಾರ್ಡೂ ನಡೆಯಲ್ಲ. ಬಳೆ ಮಾರಿದ್ದು ಅದಕ್ಕೇ.

ಲೆಕ್ಕದ_ಪುಸ್ತಕ
ಇದು ಸರಿಯಾದ ಮಾತು. ಸರ್ಕಾರ ಕೊಡೋದನ್ನೇ ಕಂಪನಿ ಮತ್ತೆ ಕೊಟ್ಟರೆ ಲಾಭ ಇಲ್ಲ. ಆಪರೇಷನ್‌ಗೆ ದುಡ್ಡು ಸರ್ಕಾರದಿಂದ ಬರುತ್ತೆ. ಸರ್ಕಾರದ ಆದೇಶದಲ್ಲಿ ಇಲ್ಲದ್ದು ಯಾವುದು ಅಂತ ಹುಡುಕಿ, ಅಲ್ಲಿ ಹಾಕಬೇಕು.

ಪೀಣ್ಯದ_ಪಾನಾ
ಎಲ್ಲರಿಗೂ ಧನ್ಯವಾದ. ಇವತ್ತು ಸಮಿತಿಯಲ್ಲಿ ಸಿಲ್ಚರ್ ಕಥೆ ಹೇಳಿದೆ. ಎಂ.ಡಿ. ಸುಮ್ಮನೆ ಕೇಳಿಸಿಕೊಂಡರು. ಎಚ್‌ಆರ್ ಮೇಡಂ ಒಂದೇ ಪ್ರಶ್ನೆ ಕೇಳಿದರು: ‘ವಾರ್ಷಿಕ ವರದಿಯಲ್ಲಿ ಏನು ಹಾಕೋದು? ವ್ಯಾನ್ ಆದರೆ ಹತ್ತು ಸಾವಿರ ಜನರ ತಪಾಸಣೆ ಅಂತ ಬರೆಯಬಹುದು.’ ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾರ್ಡ್_ನಂಬರ್_ಆರು
ಇದೆ. ಎಷ್ಟು ಜನ ಶುರು ಮಾಡಿದರು, ಎಷ್ಟು ಜನ ಪೂರ್ತಿ ಮುಗಿಸಿದರು. ಎರಡೇ ಸಾಲು. ಅನುಮಾನ ಬಂದ ದಿನದಿಂದ ಮೊದಲ ಚಿಕಿತ್ಸೆವರೆಗೆ ಎಷ್ಟು ದಿನ ಆಯ್ತು ಅಂತ ಇನ್ನೊಂದು ಸಾಲು. ಟ್ರಸ್ಟ್‌ನ ಹುಡುಗಿಯರು ಫೋನ್ ಮಾಡುವಾಗಲೇ ಬರೆದುಕೊಂಡರೆ ಆಯ್ತು. ಸಂಖ್ಯೆ ಸಣ್ಣದಿರುತ್ತೆ, ಹತ್ತು ಸಾವಿರ ಬರಲ್ಲ. ಮೇಡಂಗೆ ಅದನ್ನ ಮೊದಲೇ ಹೇಳಿಬಿಡಿ.

ಟ್ರೆಂಟ್_ನದಿ
ಅದರ ಜೊತೆ ಯಾವ ತಾಲ್ಲೂಕು, ಗಂಡೋ ಹೆಣ್ಣೋ ಅಂತಲೂ ಬರೆಸಿ. ಅಂತರ ಕಡಿಮೆ ಮಾಡ್ತೀವಿ ಅಂದವರು ಒಟ್ಟು ಲೆಕ್ಕ ಮಾತ್ರ ಕೊಟ್ಟರೆ ಅಂತರ ಅದರಲ್ಲೇ ಮುಚ್ಚಿಹೋಗುತ್ತೆ.

ರಾಯಚೂರು_ಬಿಸಿಲು
ಮತ್ತೆ ನನ್ನ ಮಾತು ಮರೆತಿರಿ. ಕಲಬುರಗಿಯಲ್ಲೇ ಆಗುವ ಚಿಕಿತ್ಸೆಗೆ ಬೆಂಗಳೂರಿಗೆ ಕರೆಸಬೇಡಿ ಅಂತ ಆ ಟ್ರಸ್ಟ್‌ನವರಿಗೆ ಷರತ್ತು ಹಾಕಿ. ಫೋನ್ ಮಾಡುವ ಹುಡುಗಿಯರು ನಮ್ಮ ಕಡೆಯವರೇ ಆಗಿರಲಿ, ನಮ್ಮ ಅವ್ವಂದಿರ ಜೊತೆ ನಮ್ಮ ಮಾತಲ್ಲೇ ಮಾತಾಡಬೇಕು.

ಪೀಣ್ಯದ_ಪಾನಾ
ಬರೆದುಕೊಂಡೆ ಅಣ್ಣಾ. ಎರಡನ್ನೂ ಹಾಕಿಸ್ತೀನಿ. ವ್ಯಾನ್ ಬಗ್ಗೆ ಇನ್ನೂ ಎಳೆದಾಟ ಇದೆ, ಶಾಸಕರಿಗೆ ಆಗಲೇ ಹೇಳಿಬಿಟ್ಟಿದ್ದಾರಂತೆ.

ಬಾಲ್ಕನಿ_ಕಾಫಿ
ವ್ಯಾನ್ ಬಂದೇ ಬರುತ್ತೆ ನೋಡ್ತಿರಿ.

ಕೆಂಪುತೋಟ
ಓಡಾಟದ ಖರ್ಚಿನ ಬಗ್ಗೆ ಒಂದು ಮಾತು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾದಾ ಬಸ್‌ನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಟ್ರಸ್ಟ್‌ನವರು ಅದನ್ನ ಲೆಕ್ಕಕ್ಕೆ ತಗೊಂಡಿದ್ದಾರಾ?

ವಾರ್ಡ್_ನಂಬರ್_ಆರು
ಕೀಮೋ ಆದ ಮರುದಿನ ರಾತ್ರಿಯಿಡೀ ಸಾದಾ ಬಸ್‌ನಲ್ಲಿ ಕೂತು ರಾಯಚೂರಿಗೆ ಹೋಗಿ ನೋಡಿ, ಆಮೇಲೆ ಲೆಕ್ಕ ಮಾಡೋಣ. ಅವರಿಗೆ ಮಲಗೋಕೆ ಜಾಗ ಬೇಕು. ರೈಲೇ ವಾಸಿ. ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲೂ ತ್ರೀ ಟಯರ್ ಎಸಿಯಲ್ಲೂ ಪೂರ್ತಿ ಉಚಿತ. ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ರಿಯಾಯಿತಿ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಪೂರ್ತಿ ಟಿಕೆಟ್ ತಗೊಂಡು ಬರ್ತಾರೆ.

ಸುಮ್ನೆ_ಓದುವವನು
ಹೌದಾ? ನಮ್ಮ ಪಕ್ಕದ ಮನೆಯವರು ಯಾದಗಿರಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಅವರ ಅಪ್ಪನನ್ನ ಕರ್ಕೊಂಡು ಓಡಾಡ್ತಿದ್ದಾರೆ. ಫೋನ್‌ನಲ್ಲೇ ಬುಕ್ ಮಾಡಬಹುದಾ?

ವಾರ್ಡ್_ನಂಬರ್_ಆರು
ಫೋನ್ ಬೇಡ, ಸ್ಟೇಷನ್ ಕೌಂಟರ್‌ಗೇ ಹೋಗಲಿ. ಅದಕ್ಕೊಂದು ನಮೂನೆ ಇದೆ, ಚಿಕಿತ್ಸೆ ಕೊಡ್ತಿರುವ ಆಸ್ಪತ್ರೆಯವರು ತುಂಬಿ ಸಹಿ, ಸೀಲ್ ಹಾಕಿ ಕೊಡಬೇಕು. ಡಿಸ್ಚಾರ್ಜ್ ದಿನವೇ ಕೇಳಿ ತಗೊಳ್ಳಲಿ, ಆಮೇಲೆ ಡಾಕ್ಟರ್ ಸಿಗಲ್ಲ.

ಸುಮ್ನೆ_ಓದುವವನು
ಸರಿ ಮೇಡಂ, ಈಗಲೇ ಹೇಳ್ತೀನಿ. ನಾಡಿದ್ದು ಹೊರಟಿದ್ದಾರೆ.